ದೊಡ್ಡಮಾದಮ್ಮನ ಮೂಗು

ಫ್ಯಾನ್ ಹಾಕಿದ್ದೇ ತಪ್ಪಾಯಿತು. ಐದು ಗಾಜಿನ ಹೂಜಿಗಳ ಮುಂದಿಟ್ಟಿದ್ದ ಐದು ಚೀಟಿಗಳೂ ಹಾರಿ ನೆಲಕ್ಕೆ ಬಿದ್ದವು. ಯಾವುದರಲ್ಲಿ ಯಾವ ವಿಸ್ಕಿ ಎಂಬುದು ಈಗ ದೇವರಿಗೇ ಗೊತ್ತು.

ಗುಂಡ್ಲುಪೇಟೆಯಾಚೆಯ ಆ ರೆಸಾರ್ಟಿಗೆ ಕಿರಣ್ ಕುಮಾರ್ ಮ್ಯಾನೇಜರಾಗಿ ಬಂದು ಇನ್ನೂ ಒಂದು ತಿಂಗಳು. ಸಂಜೆ ಮೈಸೂರಿನಿಂದ ಹನ್ನೆರಡು ಅತಿಥಿಗಳು ಬರುವವರಿದ್ದರು. ಹೆಸರು ಹೇಳದೆ ಐದು ಬಗೆಯ ವಿಸ್ಕಿ ಕೊಟ್ಟು, ರುಚಿಯಿಂದಲೇ ಗುರುತು ಹಿಡಿಸುವ ಆಟ. ಆಡಿಸುವವನಿಗೇ ಗುರುತು ಸಿಗದಿದ್ದರೆ? ಕಿರಣ್ ಹುಟ್ಟಿದಾಗಿನಿಂದ ಕುಡಿದವನಲ್ಲ. ಆದರೂ ಒಂದೊಂದು ಚಮಚ ಬಾಯಿಗೆ ಬಿಟ್ಟುಕೊಂಡ. ಐದೂ ಒಂದೇ ಸಮನೆ ಗಂಟಲು ಸುಟ್ಟವು.

"ಯಾಕ್ ಸಾ, ಇಂಗೆ ಬೆವೀತಿದ್ದೀರಿ?" ಎಂದಳು ಲೋಟ ಒರೆಸುತ್ತಿದ್ದ ದೊಡ್ಡಮಾದಮ್ಮ. ತೆರಕಣಾಂಬಿಯಿಂದ ದಿನಾ ಬಸ್ಸಿನಲ್ಲಿ ಬರುವ ಹೆಂಗಸು. ವಿಷಯ ತಿಳಿದ ಮೇಲೆ ಸೆರಗಿಗೆ ಕೈ ಒರೆಸಿಕೊಂಡು ಮೊದಲ ಹೂಜಿಗೆ ಮೂಗು ಕೊಟ್ಟಳು.

"ಇದು ಹೊಗೆ ಹಿಡ್ದದ. ಆಸ್ಪತ್ರೆ ವಾಸ್ನೆನೂ ಅದ."

ಕಿರಣ್ ಐದೂ ವಿಸ್ಕಿಗಳ ವಿವರವಿದ್ದ ಪಟ್ಟಿ ನೋಡಿದ. ಹೊಗೆಯಲ್ಲಿ ಒಣಗಿಸಿದ ಬಾರ್ಲಿಯದು, ಸ್ಕಾಟ್ಲೆಂಡ್ ಎಂದಿತ್ತು. ಎರಡನೆಯದಕ್ಕೆ "ಮುಸುಕಿನ ಜೋಳ ಬೇಯ್ಸಿದಂಗದ" ಎಂದಳು. ಅದು ಆ ಜೋಳದಿಂದಲೇ ಮಾಡುವ ಅಮೆರಿಕದ ಬರ್ಬನ್. ಮೂರನೆಯದು ಒಣದ್ರಾಕ್ಷಿ ನೆನೆಹಾಕಿದಂತೆ. ದ್ರಾಕ್ಷಾರಸದ ಹಳೆಯ ಪೀಪಾಯಿಯಲ್ಲಿ ಮಾಗಿದ್ದು. ನಾಲ್ಕನೆಯದಕ್ಕೆ ಅರೆಗಳಿಗೆಯೂ ಬೇಕಾಗಲಿಲ್ಲ. "ಇದು ನಮ್ದೇ. ಕಬ್ಬಿನ ಕಾಕಂಬಿ."

"ಇದನ್ನೆಲ್ಲ ಎಲ್ಲಿ ಕಲಿತಿರಿ?"

"ನಮ್ಮೆಜಮಾನ್ರು ಮೂವತ್ತೊರ್ಸದಿಂದ ಕುಡ್ದೇ ಇಲ್ಲ ಅಂತವ್ರ ಸಾ. ಮಿಲ್ಟ್ರಿ ಬಾವ್ನ ಮನೆಗೋದ್ರ ಒಂದ್ ವಾಸ್ನೆ, ಸಂತೆಮರಳ್ಳಿಗೋದ್ರ ಒಂದು. ದಿನಾ ಮೂಸ್ಬೇಕು."

ಐದನೆಯದನ್ನು ಎರಡು ಸಲ ಮೂಸಿದಳು. "ಇದ್ಕ ನೀರ್ ಬೆರ್ಸವ್ರ. ಅರ್ಧಕ್ಕರ್ಧ."

ಉಳಿದದ್ದು ಜಪಾನಿನದು, ಎಲ್ಲಕ್ಕಿಂತ ದುಬಾರಿಯದು. ಅತಿಥಿಗಳಿಗೆಂದು ಮಾಲೀಕರ ಬೀರುವಿನಲ್ಲಿಟ್ಟಿದ್ದನ್ನು ಮಧ್ಯಾಹ್ನ ಕಿರಣನೇ ತಂದು ಸುರಿದಿದ್ದ. ಅಷ್ಟರಲ್ಲಿ ಮಾಲೀಕ ರಾಜಶೇಖರ್ ಬಾಗಿಲಿಗೆ ಬಂದು ನಿಂತಿದ್ದರು.

"ನೀರ್ ಬೆರೆಸಿದ್ದಾ? ಯಾರು?" ಎನ್ನುತ್ತ ಹತ್ತಿರ ಬಂದವರು ತಡೆದು ನಿಂತರು. "ಏನ್ ಮ್ಯಾನೇಜರೇ, ನಿಮ್ಮ ಬಾಯೇ ನಾರ್ತಾ ಅದಲ್ಲ. ಕುಡಿಯೋರು ಅಂತ ಮೊದ್ಲೇ ಹೇಳ್ಬಾರ್ದಾಗಿತ್ತಾ? ನಾನು ಒಂದ್ ತೊಟ್ಟೂ ಮುಟ್ಟೋನಲ್ಲ. ನಾಳೆಯಿಂದ ಬರ್ಬೇಡಿ."

ಚಮಚದ ಕಥೆ ಹೇಳಿದರೆ ನಂಬುವವರು ಯಾರು? ರಾಜಶೇಖರ್ ಬೈಯುತ್ತಲೇ ಇದ್ದರು. ಬೈದಷ್ಟೂ ಕೋಣೆಯ ತುಂಬ ಏಲಕ್ಕಿ ಘಮಘಮಿಸಿತು.

ದೊಡ್ಡಮಾದಮ್ಮ ಒಂದು ಹೆಜ್ಜೆ ಮುಂದೆ ಬಂದಳು. ಮೂಗು ಅರಳಿತು.

"ಏಲಕ್ಕಿ ಅಗುದ್ರ ವಾಸ್ನೆ ಓಗಲ್ಲ ಬುದ್ದಿ," ಎಂದಳು ಮೆಲ್ಲಗೆ. "ನಮ್ಮೆಜಮಾನ್ರೂ ಅದ್ನೇ ಅಗೀತಿದ್ದುದು."

ಆ ಸಂಜೆ ಹನ್ನೆರಡು ಅತಿಥಿಗಳನ್ನೂ ಕಿರಣ್ ಕುಮಾರನೇ ಮಾತಾಡಿಸಿ ಒಳಗೆ ಕರೆದ. ಮಾಲೀಕರು ಪಕ್ಕದಲ್ಲಿ, ತುಟಿ ಬಿಗಿಹಿಡಿದು, ಬರೀ ಕೈ ಮುಗಿಯುತ್ತ ನಿಂತಿದ್ದರು.