ಮೆಹರುನ್ನಿಸಾಳ ಮಂಗಳವಾರ

ಕಿಡ್ನಿ ಕೆಟ್ಟ ನನ್ನಂಥವರ ರಕ್ತ ಸೋಸಲು ನಮ್ಮ ಓಣಿಯಲ್ಲಿ ನೆರೆಮನೆಯವರು ಪಾಳಿ ಹಚ್ಚಿಕೊಳ್ಳುತ್ತಾರೆ. ಅವರ ಕೈಗೂ ನಮ್ಮ ಕೈಗೂ ನಳಿಕೆ ಜೋಡಿಸಿದರೆ ನಾಲ್ಕು ತಾಸು ಅವರ ಕಿಡ್ನಿ ಇಬ್ಬರಿಗೂ ದುಡಿಯುತ್ತದೆ. ನನಗೆ ಮಂಗಳವಾರ ಎದುರುಮನೆಯ ಮೆಹರುನ್ನಿಸಾ.

ಈ ಸಲವೂ ಅವಳು ಸೂಜಿ ಹಿಡಿಯುವ ಮೊದಲು ನನ್ನ ಎಡಗೈ ಮೇಲೆ ಬೆರಳಿಟ್ಟಳು. ಸೂಜಿ ಚುಚ್ಚಲೆಂದೇ ಆಪರೇಶನ್ ಮಾಡಿ ಕೂಡಿಸಿದ ರಕ್ತದ ನರ, ಹರಿವು ಸರಿಯಿದ್ದರೆ, ಅಲ್ಲಿ ಜುಮ್ಮೆನ್ನುತ್ತದೆ. ಬೆರಳು ಸರಿಸಿ ನೋಡಿದಳು. ಆಮೇಲೆ ಕಿವಿ ಹಚ್ಚಿದಳು.

"ಕಸ್ತೂರಕ್ಕಾ, ಸಪ್ಪಳಾನ ಇಲ್ಲಲ್ರೀ. ಈ ಕೈಲೆ ಏನರೆ ಎತ್ತೀರೇನ್ರಿ?"

"ಎಂಟು ದಿನದ ಮ್ಯಾಲೆ ನಿನ್ನೆ ನಳಾ ಬಂದಿತ್ತು. ತುಂಬಿದ ಬಕೀಟು ಇದ ಮೊಣಕೈಗೆ ಸಿಗಿಸ್ಕೊಂಡು ತಂದೆ."

ರಕ್ತ ಹೆಪ್ಪುಗಟ್ಟಿ ನರ ಮುಚ್ಚಿಹೋಗಿತ್ತು. ಬಲಗೈಯ ನರ ಹೋದ ವರ್ಷವೇ ಮುಚ್ಚಿತ್ತು, ತೊಡೆಯದು ಅದಕ್ಕೂ ಮೊದಲು. ಇನ್ನು ಸೂಜಿ ಚುಚ್ಚಲು ಮೈಯಲ್ಲಿ ಜಾಗವಿರಲಿಲ್ಲ. ನನಗೆ ಏನೂ ಅನಿಸಲಿಲ್ಲ. ಹಂಡೆಯಲ್ಲಿ ನೀರು ಕಂಠದವರೆಗೆ ತುಂಬಿರುವುದನ್ನೇ ನೋಡುತ್ತ ಕೂತೆ.

"ಮನೀಗೆ ಹೋಗು ತಂಗಿ. ಇನ್ನ ನಿನಗಿಲ್ಲಿ ಕೆಲಸಿಲ್ಲ," ಎಂದೆ.

ಅವಳು ನಳಿಕೆ ಸುತ್ತಿ ಡಬ್ಬಿಯಲ್ಲಿಟ್ಟಳು. ಮತ್ತೆ ಬಂದು ಪಕ್ಕದಲ್ಲೇ ಕೂತು, ನನ್ನ ಎಡಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಗೋಡೆಯ ಗಡಿಯಾರ ನೋಡಿದಳು.

"ಎರಡರ ತನಕ ನನ್ನ ಪಾಳಿ ಐತಿ, ಅಕ್ಕಾ."