ಒಣ ಸೆರಗು

ಬಾಳೆಹಣ್ಣಿನ ಗಾಡಿಯ ಹಿಂದೆ ನಿಂತಿದ್ದ ಗಂಡನನ್ನು ಮಾಸ್ತಮ್ಮನಿಗೆ ತೋರಿಸಿದವಳು ಪಕ್ಕದಲ್ಲಿ ಮೀನುಬುಟ್ಟಿ ಇಟ್ಟುಕೊಂಡಿದ್ದ ಗಂಗಿ.

“ನಿನ್ನೆನೂ ಬಂದಿದ್ದ, ಮೊನ್ನೆನೂ ಬಂದಿದ್ದ. ದೋಣಿ ಬಿಟ್ಟು ಪ್ಯಾಟೆಲಿ ಅವ್ನಿಗೆ ಎಂತ ಕೆಲ್ಸನೇ?”

ಮಾಸ್ತಮ್ಮ ತಲೆಯೆತ್ತಿದಳು. ಜಟ್ಟ ತಟ್ಟನೆ ಗಾಡಿಯ ಮರೆಗೆ ಸರಿದ. ಅವಳ ಬುಟ್ಟಿಯ ಬಂಗಡೆ ಮೀನಿನ ಮೇಲೆ ಐಸ್ ಪುಡಿ ಹರವುತ್ತಿದ್ದ ಐಸ್ ಶೆಡ್ಡಿನ ವೆಂಕಟ ಏನೋ ತಮಾಷೆ ಹೇಳಿ ನಕ್ಕ. ಗಂಗಿ ವೆಂಕಟನನ್ನೊಮ್ಮೆ, ಗಾಡಿಯನ್ನೊಮ್ಮೆ ನೋಡಿ ದನಿ ತಗ್ಗಿಸಿದಳು. “ಗಂಡಂಗೆ ನಿನ್ ಮೇಲೆ ಅನುಮಾನ, ಮಾರಾಯ್ತಿ.”

ಆ ಮಾತು ಮಾಸ್ತಮ್ಮನ ತಲೆಯಿಂದ ಹೋಗಲಿಲ್ಲ. ಯೋಚಿಸಿದಷ್ಟೂ ಎಲ್ಲವೂ ತಾಳೆಯಾಗತೊಡಗಿತು. ಅವಳು ಕುಮಟೆಯ ತವರಿಗೆ ಹೋಗಿದ್ದಾಗ ಜಟ್ಟ ಬೆನ್ನಿಗೇ ಮುಂದಿನ ಬಸ್ಸಿನಲ್ಲಿ ಬಂದು ಇಳಿದಿದ್ದ. ಸಂಜೆ ಹೊಳೆ ನಡುವಿನ ಮಾವಿನಕುರ್ವೆಯ ಮನೆಗೆ ಮರಳಿದರೆ ಬಾಗಿಲಲ್ಲೇ ಅವಳನ್ನು ತಡೆದು, ಸೆರಗಿನ ತುದಿಯನ್ನು ಬೆರಳುಗಳಲ್ಲಿ ಹಿಡಿದು ಉಜ್ಜಿ ನೋಡುತ್ತಿದ್ದ. “ಎಂತ ನೋಡ್ತ್ರಿ?” ಎಂದರೆ, “ಎಂತ ಇಲ್ಲ” ಎಂದು ಒಳಗೆ ಹೋಗುತ್ತಿದ್ದ.

ಜಟ್ಟ ಹೀಗಿರಲಿಲ್ಲ. ಶರಾವತಿಯಲ್ಲಿ ಯಾರೇ ಮುಳುಗಿದರೂ ಪೊಲೀಸರು ಮೊದಲು ಹುಡುಕಿಕೊಂಡು ಬರುತ್ತಿದ್ದದ್ದು ಅವನನ್ನೇ. ಎಮರ್ಜೆನ್ಸಿ ಮುಗಿದ ಇದೇ ವರ್ಷದ ಮಳೆಗಾಲದಲ್ಲಿ, ಹೊನ್ನಾವರದ ಪೇಟೆಗೆ ಹೊರಟ ದೋಣಿ ಹೊಳೆಯ ನಡುವೆ ಮಗುಚಿದಾಗಲೂ ಮೊದಲು ಹಾರಿದವನು ಅವನು. ಕತ್ತಲಾಗುವ ತನಕ ಜೀವವಿದ್ದವರನ್ನೂ ಇಲ್ಲದವರನ್ನೂ ದಡಕ್ಕೆ ತಂದು ಹಾಕಿದ್ದ. ಊರು ಹೊಗಳಿತು, ಯಾರೋ ಸಾಹೇಬರು ಬಂದು ಹಾರ ಹಾಕಿದರು. ಆಮೇಲೆ ಎಲ್ಲರೂ ಮರೆತರು. ಈಗ ನವರಾತ್ರಿ ಹತ್ತಿರ ಬಂದಿತ್ತು. ಅಂಥ ಗಂಡಸು ಈಗ ಹೆಂಡತಿಯ ಸೆರಗು ಮುಟ್ಟಿ ನಡತೆ ಅಳೆಯುತ್ತಾನಲ್ಲ ಎಂದು ಮಾಸ್ತಮ್ಮನಿಗೆ ಮೈಯೆಲ್ಲ ಉರಿಯಿತು.

ಮರುದಿನ ಗಾಡಿಯ ಹಿಂದೆ ಅವನ ಅಂಗಿ ಕಂಡದ್ದೇ, ಬುಟ್ಟಿಯನ್ನು ಗಂಗಿಗೆ ಒಪ್ಪಿಸಿ, ದೋಣಿಗಳು ನಿಲ್ಲುವ ಧಕ್ಕೆಯ ಬದಿಯ ಐಸ್ ಶೆಡ್ಡಿನ ಹಿಂದೆ ಹೋಗಿ ಅಡಗಿದಳು. ವೆಂಕಟ ಶೆಡ್ಡಿನ ಬಾಗಿಲಲ್ಲೇ ನಿಂತಿದ್ದ. ಬರಲಿ, ವೆಂಕಟನ ಕೊರಳಪಟ್ಟಿ ಹಿಡಿಯಲಿ, ಹೊಟ್ಟೆಯೊಳಗಿದ್ದದ್ದನ್ನು ನಾಲ್ಕು ಜನರೆದುರು ಕಕ್ಕಲಿ. ಆಮೇಲೆ ನನ್ನ ಬಾಯಿಯೂ ಇದೆ ಎಂದುಕೊಂಡಳು.

ಜಟ್ಟ ಓಡಿಯೇ ಬಂದ. ವೆಂಕಟನ ಕಡೆ ತಿರುಗಿಯೂ ನೋಡಲಿಲ್ಲ. ಸೀದಾ ಧಕ್ಕೆಯ ಅಂಚಿಗೆ ಹೋಗಿ ಬಗ್ಗಿ ನೀರು ನೋಡಿದ. “ಮಾಸ್ತೀ!” ಎಂದು ಕೂಗಿದವನು ಅಂಗಿ ಸಮೇತ ಹಾರಿಬಿಟ್ಟ.

ಮುಳುಗಿದ, ಎದ್ದ, ಮತ್ತೆ ಮುಳುಗಿದ. ಮಾಸ್ತಮ್ಮ ಶೆಡ್ಡಿನ ಹಿಂದಿನಿಂದ ಓಡಿ ಬಂದು, “ಹೋಯ್, ಇಲ್ಲಿದ್ದೇ ನಾನು! ಇಲ್ಕಾಣಿ!” ಎಂದು ಕಿರುಚಿಕೊಂಡಳು. ಅವನಿಗೆ ಕೇಳಿಸಲಿಲ್ಲ. ನೀರಿನೊಳಗೆ ಎರಡೂ ಕೈಯಲ್ಲಿ ತಡಕುತ್ತಲೇ ಇದ್ದ. ಕೊನೆಗೆ ವೆಂಕಟನೇ ಇನ್ನಿಬ್ಬರನ್ನು ಕರೆದು, ಹಗ್ಗ ಹಿಡಿದು ನೀರಿಗಿಳಿದು ಅವನನ್ನು ಮೇಲಕ್ಕೆ ಎಳೆತಂದ. ಸುತ್ತ ನಿಂತವರು ನಕ್ಕರು. ಇವನಿಗೆ ಹೊಳೆಯ ಗಾಳಿ ಹಿಡಿದಿದೆ ಎಂದರು ಕೆಲವರು.

ಜಟ್ಟ ಅವಳ ಸೆರಗು ಹಿಡಿದು ಉಜ್ಜಿದ. “ಒಣ ಇದೆ” ಎಂದ. ಮತ್ತೊಮ್ಮೆ ಉಜ್ಜಿ, “ಒಣ ಇದೆ” ಎಂದ.

ಜನ ಚದುರಿದ ಮೇಲೆ ಅವಳು ಕೇಳಿದಳು, “ನನ್ ಮೇಲೆ ಅನುಮಾನ ಅಲ್ವಾ ನಿಮ್ಗೆ?”

“ನಿನ್ ಮೇಲಾ?” ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಹೊಳೆ ಮೇಲೆ.”

ಅವನು ಧಕ್ಕೆಯ ಕಲ್ಲು ನೋಡುತ್ತ ಹೇಳಿದ. “ಅವತ್ತು ದೋಣಿ ಮಗುಚಿದಾಗ, ನೀ ಅದ್ಕಿಂತ ಮೊದ್ಲಿನ ದೋಣಿಗೇ ಹೋದದ್ದು ನಂಗೆ ಗೊತ್ತಿರ್ಲಿಲ್ಲ. ನೀರೊಳ್ಗೆ ಹಸ್ರು ಸೀರೆ ಕೈಗೆ ಸಿಕ್ತು. ನೀ ಉಟ್ಟದ್ದೂ ಹಸ್ರೇ. ಮುಖ ಆಚೆ ಬದಿಗಿತ್ತು. ತಿರುಗ್ಸಿ ನೋಡೂ ತನಕ ಅದು ನೀನೇ ಆಗಿದ್ದೆ.”

“ಮತ್ತೆ?”

“ತಿರುಗ್ಸಿದೆ. ನೀ ಅಲ್ಲ. ನಂಗೆ ನಗು ಬಂತು ಮಾಸ್ತಿ. ಜೋರಾಗಿ ನಕ್ಕುಬಿಟ್ಟೆ. ತಲೆ ಎತ್ತಿದ್ರೆ ದಡದಲ್ಲಿ ಅವ್ಳ ಗಂಡ ನಿಂತಿದ್ದ. ನಾ ನಕ್ಕದ್ದು ಅವ ನೋಡ್ದ.”

ಮಾಸ್ತಮ್ಮ ಒದ್ದೆ ಅಂಗಿಯ ಮೇಲೆಯೇ ಅವನ ಬೆನ್ನಿಗೆ ಕೈಯಿಟ್ಟು, ಮಾರದೆ ಉಳಿದ ಬಂಗಡೆಯನ್ನು ಗಂಗಿಗೆ ಬಿಟ್ಟು, ಮನೆಗೆ ಕರೆದುಕೊಂಡು ಹೋದಳು.

ಮಾರನೆಯ ಬೆಳಿಗ್ಗೆ ಬಾವಿಗೆ ಕೊಡಪಾನ ಇಳಿಸುವ ಮೊದಲು ಅವಳು ಮನೆಯ ಕಡೆ ತಿರುಗಿ ಕೂಗಿದಳು. “ಹೋಯ್, ಬಾವಿ ಹತ್ರ ಇದ್ದೇ ನಾನು!”

ಒಳಗಿಂದ ಜಟ್ಟ, “ಆತು” ಎಂದ.

ಅದೇ ರೂಢಿಯಾಯಿತು. ಅವನು ಕದ್ದು ಬರುವುದು ನಿಂತಿತು. ಪೇಟೆಗೆ ಬರಬೇಕೆನಿಸಿದರೆ ಬಂದು ಬುಟ್ಟಿಯ ಪಕ್ಕದಲ್ಲೇ ಕೂರುತ್ತಿದ್ದ. ಆದರೆ ಪೊಲೀಸರು ಕರೆಯಲು ಬಂದಾಗ ಮಾತ್ರ ಮಾಸ್ತಮ್ಮ ಬಾಗಿಲಿಗೆ ಅಡ್ಡ ನಿಂತು, ಬೇರೆಯವರನ್ನು ನೋಡಿಕೊಳ್ಳಿ ಎಂದಳು.

ದೀಪಾವಳಿಯ ಹೊತ್ತಿಗೆ ಒಂದು ದಿನ ಅವಳ ಕೂಗು ಕೇಳಿ ಗಂಗಿ ಬಾವಿಯ ಹತ್ತಿರ ಬಂದು ಮೂಗಿನ ಮೇಲೆ ಬೆರಳಿಟ್ಟಳು. “ನೀರಿಗ್ ಬಂದದ್ದನ್ನೂ ಕೂಗಿ ಹೇಳ್ಬೇಕಾ? ಅಷ್ಟು ಅನುಮಾನವಾ ಅವ್ನಿಗೆ?”

ಮಾಸ್ತಮ್ಮನ ಕಿವಿ ಮನೆಯ ಕಡೆಗಿತ್ತು. ಇವತ್ತು ಒಳಗಿನ ದನಿ ಬರುವುದು ಕೊಂಚ ತಡವಾಯಿತು. ಅದು ಬರುವ ತನಕ ಅವಳು ಅರ್ಧ ಇಳಿಸಿದ ಹಗ್ಗವನ್ನು ಹಾಗೇ ಬಿಗಿಹಿಡಿದು, ಉಸಿರಾಡದೆ ನಿಂತಿದ್ದಳು.