ಮದ್ದು ಬರೆಯದ ಚೀಟಿ

"ಮದ್ದು ಬರೀಲೇ ಇಲ್ಲಲ್ಲ ಮೇಡಂ?" ಹೂವಮ್ಮ ಕುರ್ಚಿ ಬಿಟ್ಟು ಏಳಲಿಲ್ಲ.

ಸಾಗರದ ಡಾಕ್ಟರು ಸುಪ್ರಿಯಾ ಸ್ಕ್ಯಾನಿನ ಚಿತ್ರವನ್ನು ಮತ್ತೊಮ್ಮೆ ತೋರಿಸಿದರು. "ಶ್ವಾಸಕೋಶದಲ್ಲಿ ಒಂದು ಸಣ್ಣ ಗಂಟಿದೆ ಅಮ್ಮ, ಅಲಸಂದೆ ಕಾಳಿನಷ್ಟು. ಇಂಥವು ಹೆಚ್ಚಿನವು ಏನೂ ಮಾಡೋದಿಲ್ಲ. ಆರು ತಿಂಗಳು ಬಿಟ್ಟು ಇನ್ನೊಂದು ಸ್ಕ್ಯಾನ್ ಮಾಡೋಣ. ಬೆಳೆದಿದ್ದರೆ ಚೂರು ತೆಗೆದು ಪರೀಕ್ಷೆಗೆ ಕಳಿಸೋಣ. ಈಗ ಮದ್ದು ಬೇಡ."

ಗಂಡ ಭೂತಪ್ಪನಿಗೆ ಕೇಳಿಸಿದ್ದು ಆ ಕೊನೆಯ ಮಾತು ಮಾತ್ರ. ಅವನು ಕಂಡಂತೆ ಡಾಕ್ಟರು ಮದ್ದು ಬೇಡವೆನ್ನುವುದು ಒಂದೇ ಸಲ: 'ಮನೆಗೆ ಕರಕೊಂಡು ಹೋಗಿ, ಆಸೆಪಟ್ಟಿದ್ದು ಕೊಡಿ' ಎನ್ನುವಾಗ.

ಊರಿಗೆ ವಾಪಸು ಹೋಗುವ ಬಸ್ಸಿನಲ್ಲಿ ಅವನು ಹೆಂಡತಿಯ ಕಡೆ ತಿರುಗಿದ. "ಹೂವಿ, ಎಂತ ತಿನ್ಬೇಕು ಅನ್ನಿಸ್ತದೆ ಹೇಳು. ಏಡಿ ಹಿಡ್ಕಂಡ್ ಬರ್ಲಾ?"

"ಏಡಿ ಬ್ಯಾಡ. ನೀವು ಬೀಡಿ ಬಿಡಿ."

ಸಾಯುವವಳ ಆಸೆ, ಇಲ್ಲವೆನ್ನುವುದು ಹೇಗೆ? ಹೊಸನಗರದಲ್ಲಿ ಬಸ್ಸು ನಿಂತಾಗ ಭೂತಪ್ಪ ಬೀಡಿಕಟ್ಟು, ಬೆಂಕಿಪೊಟ್ಟಣ ಎರಡನ್ನೂ ಕಂಡಕ್ಟರನಿಗೆ ಕೊಟ್ಟುಬಿಟ್ಟ.

ಆರು ತಿಂಗಳು ಅವನು ಬೀಡಿ ಮುಟ್ಟಲಿಲ್ಲ. ನೋಡಲು ಬಂದ ನೆಂಟರು ಕೋಳಿ ತಂದರು, ಅತ್ತರು, ಸಾರು ಚೆನ್ನಾಗಿದೆಯೆಂದು ಇನ್ನೊಂದು ಸಲ ಹಾಕಿಸಿಕೊಂಡರು. ಬಡಿಸಿದವಳು ಹೂವಮ್ಮನೇ. ಒಬ್ಬಳೇ ಇದ್ದಾಗ ಮಾತ್ರ ಉಸಿರನ್ನು ಮೆಲ್ಲಗೆ ಒಳಗೆಳೆದು, ಆ ಗಂಟು ಎಲ್ಲಿ ಕೂತಿದೆಯೋ, ಎಷ್ಟು ದೊಡ್ಡದಾಗಿದೆಯೋ ಎಂದು ಹುಡುಕುತ್ತಿದ್ದಳು.

ಎರಡನೆಯ ಸ್ಕ್ಯಾನಾಯಿತು. ಡಾಕ್ಟರು ಹಳೆಯದು ಹೊಸದು ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆದರು. ಹೂವಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ಕೂದಲೆಳೆಯಷ್ಟೂ ಬೆಳೆದಿಲ್ಲ! ಇನ್ನು ಒಂದು ವರ್ಷ ಬಿಟ್ಟು ಬನ್ನಿ. ಆಗಲೂ ಹೀಗೇ ಇದ್ದರೆ ಇದನ್ನ ಮರೆತುಬಿಡಿ."

ಭೂತಪ್ಪ ಮುಂದೆ ಬಗ್ಗಿದ. "ಅಂದ್ರೆ... ಇವ್ಳು ಸಾಯೂದಿಲ್ವ?"

"ಸಾಯೋದಾ! ಯಾರು ಹೇಳಿದ್ದು ನಿಮಗೆ?"

"ನೀವೇ ಅಲ್ವ, ಮದ್ದು ಬ್ಯಾಡ ಅಂದಿದ್ದು?"

ಡಾಕ್ಟರು ಹಣೆ ಹಿಡಿದುಕೊಂಡು ನಕ್ಕರು. ಭೂತಪ್ಪನೂ ನಕ್ಕ, ನಗುತ್ತಲೇ ಟವೆಲಿನಿಂದ ಕಣ್ಣೊರೆಸಿಕೊಂಡ. ಆಸ್ಪತ್ರೆಯ ಮೆಟ್ಟಿಲಿಳಿದವನೇ ಎದುರಿನ ಗೂಡಂಗಡಿಯ ಕಡೆ ಚುರುಕಾಗಿ ಹೆಜ್ಜೆ ಹಾಕಿದ.

ಹೂವಮ್ಮ ಹಿಂದಿನಿಂದ ಅವನ ಅಂಗಿ ಹಿಡಿದೆಳೆದಳು.

"ಎಲ್ಲಿಗೆ ಹೊರಟ್ರಿ? ಇನ್ನೂ ಒಂದ್ ವರ್ಷ ನಾ ಸಾಯ್ತಾ ಇದೀನಿ. ನಡೀರಿ ಬಸ್ಸಿಗೆ."